ಹವಳದ ಹಸಿವು

ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು ಸಾಕುವುದು ನಮ್ಮ ಮನೆಗಳಿಗೆ ಹೊಸತಲ್ಲ. ಉಪ್ಪುನೀರು ತುಂಬಿ, ಅದರೊಳಗೆ ಹವಳದ ದಿಬ್ಬವನ್ನೇ ಬೆಳೆಸಲು ಹೊರಡುವವರ ಪಾಡು ಮಾತ್ರ ಬೇರೆ. ನೀರಿನಲ್ಲಿ ಸಾರ ಎಷ್ಟಿದೆ ಎಂಬ ಚಿಂತೆಯೇ ಅವರನ್ನು ಹಗಲಿರುಳೂ ಕಾಡುತ್ತದೆ.

ಸಾರವೆಂದರೆ ಇಲ್ಲಿ ಮುಖ್ಯವಾಗಿ ನೈಟ್ರೇಟು ಮತ್ತು ಫಾಸ್ಫೇಟು. ಹೊಲಕ್ಕೆ ಇವು ಗೊಬ್ಬರ. ಹವಳದ ತೊಟ್ಟಿಯಲ್ಲಿ ಮಿತಿಮೀರಿದರೆ ವಿಪತ್ತು. ಮೀನಿಗೆ ಹಾಕಿದ ಆಹಾರದ ಬಹುಭಾಗ, ತಿಂದದ್ದಾಗಲಿ ಬಿಟ್ಟದ್ದಾಗಲಿ, ಕೊನೆಗೆ ನೀರನ್ನೇ ಸೇರುತ್ತದೆ. ಕೊಳೆತು ಅಮೋನಿಯವಾದುದನ್ನು ಬ್ಯಾಕ್ಟೀರಿಯಗಳು ಮೊದಲು ನೈಟ್ರೈಟಾಗಿಯೂ ಬಳಿಕ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಸಾಮಾನ್ಯ ಸೋಸುಪೆಟ್ಟಿಗೆಯ ಶಕ್ತಿ ಅಲ್ಲಿಗೆ ಮುಗಿಯಿತು. ನೈಟ್ರೇಟು ದಿನದಿನಕ್ಕೆ ಕೂಡುತ್ತ ಹೋಗುತ್ತದೆ. ಪಾಚಿ ಹಬ್ಬಿ ಹವಳವನ್ನು ಮುಸುಕುತ್ತದೆ. ಫಾಸ್ಫೇಟು ಅತಿಯಾದರೆ ಹವಳವು ತನ್ನ ಸುಣ್ಣದ ಗೂಡನ್ನು ಕಟ್ಟುವ ಕೆಲಸವೂ ಕುಂಠಿತವಾಗುತ್ತದೆ.

ಜಕಾರ್ತದ ಲೀ ಚಿನ್ ಎಂಗ್ ಎಂಬವರು 1961ರಲ್ಲಿ ಒಂದು ಸರಳ ವಿಧಾನವನ್ನು ಪ್ರಕಟಿಸಿದರು. ಕಡಲಿನಿಂದ ತಂದ, ಜೀವಿಗಳು ನೆಲೆಸಿದ ರಂಧ್ರಮಯ ಕಲ್ಲುಗಳನ್ನು ತೊಟ್ಟಿಯಲ್ಲಿಟ್ಟು, ಗಾಳಿಯ ಗುಳ್ಳೆಗಳನ್ನು ಮೆಲ್ಲಗೆ ಹಾಯಿಸುವುದು, ಅಷ್ಟೆ. ಇದರ ಗುಟ್ಟು ಕಲ್ಲಿನ ಒಡಲಲ್ಲಿದೆ. ಆಮ್ಲಜನಕ ತಲುಪದ ಆ ಒಳಗತ್ತಲೆಯಲ್ಲಿ ಬೇರೊಂದು ಬಗೆಯ ಬ್ಯಾಕ್ಟೀರಿಯಗಳಿದ್ದು, ನೈಟ್ರೇಟನ್ನು ಮರಳಿ ಸಾರಜನಕದ ಅನಿಲವಾಗಿಸಿ ಗಾಳಿಗೆ ಬಿಟ್ಟುಕೊಡುತ್ತವೆ. ಫಾಸ್ಫೇಟಿಗೆ ಇಂಥ ಹಾರಿಹೋಗುವ ದಾರಿಯಿಲ್ಲ. ಅದನ್ನು ನಾವೇ ಹೊರಹಾಕಬೇಕು. ಪಕ್ಕದ ತೊಟ್ಟಿಯಲ್ಲಿ ಬೇಕೆಂದೇ ಪಾಚಿ ಬೆಳೆಸಿ ಆಗಾಗ ಕಿತ್ತೆಸೆಯುವವರುಂಟು. ಕಬ್ಬಿಣದ ಆಕ್ಸೈಡಿನ ಹರಳುಗಳ ಮೂಲಕ ನೀರು ಹಾಯಿಸುವವರೂ ಉಂಟು. ಇವೆಲ್ಲಕ್ಕಿಂತ ನನಗೆ ಮೆಚ್ಚಿಗೆಯಾದುದು ನೊರೆಯ ಯಂತ್ರ. ಆಲೆಮನೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ಮೇಲೆ ಬಂದ ಮಡ್ಡಿಯನ್ನು ತೆಗೆದು ಚೆಲ್ಲುವುದಿಲ್ಲವೆ? ಹಾಗೆಯೇ ಈ ಯಂತ್ರವು ಸಣ್ಣ ಗುಳ್ಳೆಗಳನ್ನೆಬ್ಬಿಸಿ, ನೀರಿನಲ್ಲಿ ಕರಗಿದ ಕಲ್ಮಷವನ್ನು ಅದು ಕೊಳೆಯುವ ಮೊದಲೇ ನೊರೆಯಾಗಿ ಹೊರಹಾಕುತ್ತದೆ. ನಲ್ಲಿಯ ನೀರನ್ನು ಹಾಗೆಯೇ ಸುರಿಯುವುದಂತೂ ಸಲ್ಲದು. ಅದರಲ್ಲಿಯೇ ಫಾಸ್ಫೇಟು ಬರಬಹುದು.

ಇಷ್ಟು ಕಲಿತವನಿಗೆ ಎದುರಾಗುವ ಮುಂದಿನ ಅಪಾಯವೆಂದರೆ ಮಡಿಯ ಹುಚ್ಚು. ಸಾರವನ್ನು ಸೊನ್ನೆಗೆ ಇಳಿಸಿದರೆ ಹವಳ ಬಿಳಿಚಿಕೊಳ್ಳುತ್ತದೆ. ಕೆಲವೊಮ್ಮೆ ಪಾಚಿಗಿಂತ ಕೆಟ್ಟದಾದ ಕಂದು ಲೋಳೆ ಬಂಡೆಯನ್ನೆಲ್ಲ ಆವರಿಸುತ್ತದೆ. ಹವಳದ ಮೈಯೊಳಗೆ ಏಕಕೋಶದ ಪಾಚಿಗಳು ಒಕ್ಕಲಿದ್ದು, ಬಿಸಿಲಿನಲ್ಲಿ ಆಹಾರ ಸಿದ್ಧಪಡಿಸಿ ಒಡೆಯನಿಗೆ ಉಣಿಸುತ್ತವೆ. ಆ ಒಕ್ಕಲಿಗೂ ಗೊಬ್ಬರ ಬೇಡವೆ? ಹೊನೊಲುಲುವಿನ ವೈಕೀಕಿ ಮತ್ಸ್ಯಾಲಯದ ಹವಳಗಳ ಕುರಿತು 1995ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ಇಲ್ಲಿ ನೆನೆಯಬೇಕು. ಅಲ್ಲಿ ಬಾವಿಯಿಂದೆತ್ತುವ ಉಪ್ಪುನೀರಿನಲ್ಲಿ ನೈಟ್ರೇಟು, ಫಾಸ್ಫೇಟುಗಳು ತೆರೆದ ಕಡಲಿನ ದಿಬ್ಬಗಳಲ್ಲಿರುವುದಕ್ಕಿಂತ ಹೆಚ್ಚು. ಆದರೂ ಹವಳಗಳು ಚೆನ್ನಾಗಿಯೇ ಬೆಳೆದಿದ್ದವು.

ಆದ್ದರಿಂದ ಇಂದಿನ ಅನುಭವಸ್ಥರು ಲೀಟರಿಗೆ ಸುಮಾರು 2ರಿಂದ 10 ಮಿಲಿಗ್ರಾಂ ನೈಟ್ರೇಟು, 0.03ರಿಂದ 0.1 ಮಿಲಿಗ್ರಾಂ ಫಾಸ್ಫೇಟು ಉಳಿಸಿಕೊಳ್ಳುತ್ತಾರೆ. ಅಂಕಿಗಿಂತಲೂ ಅದು ಏರಿಳಿಯುವ ವೇಗ ಮುಖ್ಯ. ಹೆಚ್ಚಿದ್ದ ಫಾಸ್ಫೇಟನ್ನು ಒಂದೇ ರಾತ್ರಿಯಲ್ಲಿ ಇಳಿಸಿದವರ ಹವಳ ಬೆಳಗಾಗುವಷ್ಟರಲ್ಲಿ ಮಾಂಸ ಕಳಚಿ ಬರಿಯ ಅಸ್ಥಿಯಾಗಿ ನಿಂತಿರಬಹುದು. ವರ್ಷಗಟ್ಟಲೆ ಬೆಳೆದ ಜೀವ ಅದು. ಆಹಾರವನ್ನು ತುಸು ಕಡಿಮೆ ಮಾಡಿ, ವಾರಕ್ಕೆ ಹತ್ತರಲ್ಲೊಂದು ಪಾಲು ನೀರು ಬದಲಿಸಿ, ಅಳತೆಯನ್ನು ಪುಸ್ತಕದಲ್ಲಿ ಬರೆದಿಡುತ್ತ ಹೋದರೆ ಕೆಲವು ತಿಂಗಳಲ್ಲಿ ತೊಟ್ಟಿ ತಾನಾಗಿ ಹದಕ್ಕೆ ಬರುತ್ತದೆ.

ವಾಚಕರು ಉತ್ಸಾಹದಿಂದ ಕಡಲತೀರಕ್ಕೆ ಹೊರಡುವ ಮುನ್ನ ಒಂದು ಮಾತು. ದಿಬ್ಬ ಕಟ್ಟುವ ಹವಳಗಳು 2001ರಿಂದ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ, ಹುಲಿಯ ಜೊತೆಯಲ್ಲಿಯೇ ಇವೆ. ನಮ್ಮ ಕಡಲಿನಿಂದ ಒಂದು ತುಣುಕು ಕಿತ್ತರೂ ಅಪರಾಧ. ನೋಡಲೇಬೇಕೆಂಬ ಆಸೆಯಿದ್ದವರು ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪದ ಬಳಿ ನೀರಿಗಿಳಿಯಬಹುದು.