ಲೋಟದ ನೀರು, ಖಾಲಿ ರಸ್ತೆ

ಮೊಮ್ಮಗನ ಒತ್ತಾಯಕ್ಕೆ 'ಇನಿಶಿಯಲ್ ಡಿ' ಎಂಬ ಜಪಾನೀ ಅನಿಮೇಷನ್ ಧಾರಾವಾಹಿಯನ್ನು ನೋಡಿದೆ. 1998ರಲ್ಲಿ ಪ್ರಸಾರವಾಗತೊಡಗಿದ ಇದರ ನಾಯಕ ತಕುಮಿ, ತಂದೆಯ ಅಂಗಡಿಯ ತೋಫುವನ್ನು (ಸೋಯಾ ಹಾಲಿನ ಪನೀರ್ ಎನ್ನಿ) ಹಳೆಯ ಟೊಯೋಟಾ ಕಾರಿನಲ್ಲಿ ನಸುಕಿನಲ್ಲೇ ಬೆಟ್ಟದ ಮೇಲಿನ ಹೋಟೆಲಿಗೆ ಮುಟ್ಟಿಸುವ ಹುಡುಗ. ಕಾರಿನೊಳಗಿನ ಲೋಟದ ನೀರು ತುಳುಕಬಾರದೆಂಬುದು ತಂದೆಯ ಕಟ್ಟಳೆ. ಆತನ ಚಾತುರ್ಯವೆಲ್ಲ ಈ ನಿತ್ಯದ ದುಡಿಮೆಯಿಂದ ಬಂದದ್ದು. ಮೊದಮೊದಲು ಕಾರಿನ ಮೇಲೆ ಆಸಕ್ತಿಯೇ ಇಲ್ಲದವನು, ಎರಡನೆಯ ಭಾಗದಲ್ಲಿ ಪಂದ್ಯದ ನಡುವೆ ಎಂಜಿನ್ ಒಡೆದಾಗ ಕುಸಿದುಹೋಗುತ್ತಾನೆ. ಅವನು ನಿಜವಾಗಿ ಬೆಳೆಯತೊಡಗುವುದು ಅಲ್ಲಿಂದಲೇ ಎಂದು ನನ್ನ ಅಭಿಪ್ರಾಯ.

ಚಾಲನೆಯ ಮೇಲ್ವಿಚಾರಣೆ ರೇಸ್ ಚಾಲಕ ಕೆಯಿಚಿ ತ್ಸುಚಿಯಾ ಅವರದು. ಆದ್ದರಿಂದ ಬ್ರೇಕು, ಟೈರು, ತಿರುವುಗಳು ಬಹುಮಟ್ಟಿಗೆ ನೈಜ. ರಸ್ತೆ ಮಾತ್ರ ಹಾಗಲ್ಲ. ಅಲ್ಲಿ ಎದುರಿನಿಂದ ವಾಹನ ಬರುವುದೇ ಅಪರೂಪ. ನಮ್ಮ ಖಾನಾಪುರ ತಾಲೂಕಿನ ಜಾಂಬೋಟಿ ದಾಟಿ ಚೋರ್ಲಾ ಘಾಟ್ ಇಳಿಯುವವರಿಗೆ ತಿರುವಿನಾಚೆ ಗೋವೆಯ ಬಸ್ಸೋ, ದನವೋ, ಮಳೆಗಾಲವಾದರೆ ದಟ್ಟ ಮಂಜೋ ಎದುರಾಗುತ್ತದೆ. ಬೆಳಗಾವಿಯಿಂದ ವಾರಾಂತ್ಯಕ್ಕೆ ಬೈಕುಗಳಲ್ಲಿ ಆ ದಾರಿ ಹಿಡಿಯುವವರಲ್ಲಿ ನಿಮ್ಮ ಮಕ್ಕಳೂ ಇದ್ದಾರೆಂದು ಬಲ್ಲೆ. ಪ್ರಿಯ ಶಿಷ್ಯರೇ, ಧಾರಾವಾಹಿ ನೋಡಬೇಡಿರೆಂದು ಅವರನ್ನು ತಡೆಯಬೇಡಿ. ಮೊದಲ ಭಾಗದಲ್ಲಿ 26 ಕಂತುಗಳಿವೆ. ಜೊತೆಗೆ ಕುಳಿತು ನೋಡಿ, ಆ ಖಾಲಿ ರಸ್ತೆಯ ಬಗ್ಗೆ ಅವರನ್ನೇ ಕೇಳಿ.