ಗಡಿಯೆಂದರೆ ಗೆರೆಯಲ್ಲ

ಗೆಳೆಯರ ಕೂಟದಲ್ಲಿ ನಕ್ಷೆ ಹರಡಿಕೊಂಡು, ಕಲ್ಪಿತ ರಾಜ್ಯವೊಂದರ ಗಡಿಯನ್ನು ಕಾಯುವ ಯೋಜನೆ ಹೂಡುವ ಆಟ ನಿಮ್ಮಲ್ಲಿ ಕೆಲವರಿಗೆ ಪ್ರಿಯವೆಂಬುದನ್ನು ಬಲ್ಲೆ. ಆಟವನ್ನು ನಾನು ಹಳಿಯುವವನಲ್ಲ. ಪ್ರಷ್ಯದ ಸೇನಾಧಿಕಾರಿ ರೈಸ್ವಿಟ್ಸ್ 1824ರಲ್ಲಿ ಪ್ರಕಟಿಸಿದ ಯುದ್ಧದಾಟವು ಅಲ್ಲಿನ ಸೇನೆಗೆ ಪಾಠವೇ ಆಯಿತು. ನನ್ನ ತಕರಾರು ಬೇರೆ. ಗಡಿಯುದ್ದಕ್ಕೂ ಕೋಟೆಗಳನ್ನು ನಿಲ್ಲಿಸಿ 'ರಕ್ಷಣೆ ಮುಗಿಯಿತು' ಎನ್ನುವುದು, ಬೇಲಿ ಹಾಕಿ ಹೊಲವನ್ನೇ ಮರೆತ ಒಕ್ಕಲುತನ.

1930ರ ದಶಕದಲ್ಲಿ ಫ್ರಾನ್ಸ್ ಜರ್ಮನಿಯ ಗಡಿಯಲ್ಲಿ ಮ್ಯಾಜಿನೋ ಕೋಟೆಸಾಲನ್ನು ಕಟ್ಟಿತು. 1940ರ ಮೇ ತಿಂಗಳಲ್ಲಿ ಜರ್ಮನ್ ಟ್ಯಾಂಕುಗಳು ಅದರ ಮುಖ್ಯ ಸಾಲನ್ನು ಬಿಟ್ಟು, ಆರ್ಡೆನ್ ಕಾಡನ್ನು ಹಾದು, ಸೆಡಾನ್ ಬಳಿ ಮ್ಯೂಸ್ ನದಿಯನ್ನು ದಾಟಿದವು. ವೈರಿಯನ್ನು ಬೆಲ್ಜಿಯಂ ಕಡೆಗೆ ತಿರುಗಿಸುವುದೇ ಕೋಟೆಯ ಉದ್ದೇಶವಾಗಿತ್ತು, ಅದು ಸೋಲಲಿಲ್ಲ ಎಂದು ವಾದಿಸುವವರುಂಟು. ಒಪ್ಪೋಣ. ಆದರೆ ಬಿರುಕು ಬಿಟ್ಟಲ್ಲಿಗೆ ಧಾವಿಸಬೇಕಾದ ಮೀಸಲು ಪಡೆ ಎಲ್ಲಿತ್ತು? ಏಳನೆಯ ಸೇನೆಯನ್ನು ಆಗಲೇ ಹಾಲೆಂಡಿನತ್ತ ಕಳುಹಿಸಿಯಾಗಿತ್ತು. ಇತ್ತ ಮನೆಮಠ ತೊರೆದ ಲಕ್ಷಾಂತರ ಜನ ರಸ್ತೆಗಳನ್ನು ತುಂಬಿದ್ದರು.

ಆದ್ದರಿಂದ, ಕೋಟೆಯ ಗುರುತು ಹಾಕುವ ಮೊದಲು ಕೇಳಿಕೊಳ್ಳಿ: ಮೀಸಲು ಪಡೆ ಎಲ್ಲಿದೆ? ದವಸ ಯಾವ ದಾರಿಯಿಂದ ಬರುತ್ತದೆ? ಗಡಿಯ ಹಳ್ಳಿಗರು ಎಲ್ಲಿಗೆ ಹೋಗಬೇಕು? 'ಇದು ಬರೀ ಆಟ, ಮೇಷ್ಟ್ರೇ' ಎಂದೀರಿ. ಆಟವೂ ಅಭ್ಯಾಸವೇ ಅಲ್ಲವೇ? ನಕ್ಷೆಯಿಂದ ಜನರನ್ನು ಅಳಿಸಿ ಗೆಲ್ಲುವುದನ್ನು ರೂಢಿಸಿಕೊಂಡವನು, ನಾಳೆ ನಿಜವಾದ ಯುದ್ಧದ ಸುದ್ದಿಯನ್ನು ಓದುವಾಗಲೂ ಬಾಣದ ಗುರುತುಗಳನ್ನಷ್ಟೇ ಕಾಣುತ್ತಾನೆ. ಅಂಥ ಕುರುಡು ನನ್ನ ವಿದ್ಯಾರ್ಥಿಗಳಿಗೆ ಬರಬಾರದು.