ಸೂಜಿಯ ಮೇಲಿನ ಅಪವಾದ

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಆದುದರಿಂದ ಆಸ್ಪತ್ರೆಯ ಚೀಟಿಗಳೆಲ್ಲ ನನ್ನ ಕೈಗೇ ಬರುತ್ತವೆ. "ಓದಿದವಳು, ನೋಡಿ ಹೇಳು" ಎನ್ನುತ್ತಾಳೆ ಅಮ್ಮ. ಬಿ.ಎ. ವಿದ್ಯಾರ್ಥಿನಿಗೆ ಅವು ತಿಳಿಯುವುದು ಅಷ್ಟರಲ್ಲೇ ಇದೆ!

ಪೀಣ್ಯದ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸ ಮಾಡುವ ನನ್ನ ಅಕ್ಕನಿಗೆ ಕಳೆದ ವರ್ಷ ಸಿಸೇರಿಯನ್ ಆಯಿತು. ಬೆನ್ನಿಗೆ ಅರಿವಳಿಕೆಯ ಸೂಜಿ ಕೊಟ್ಟಿದ್ದರು. ಮರುದಿನದಿಂದ ಎದ್ದು ಕುಳಿತರೆ ತಲೆ ಸಿಡಿಯುವಂಥ ನೋವು; ಮಲಗಿದರೆ ಇಳಿಯುತ್ತಿತ್ತು. "ಮಲಗಲು ಒಂದು ನೆಪ" ಎಂದರು ನೆಂಟರು. ವಾರದೊಳಗೆ ಅದು ಹೋಯಿತು. ಕೆಲಸಕ್ಕೆ ಮರಳಿದ ಮೇಲೆ ಬೆನ್ನುನೋವು ಹಿಡಿಯಿತು. ಈಗ ವಠಾರದವರೆಲ್ಲ "ಅದು ಆ ಸೂಜಿಯದೇ ಕೆಲಸ" ಎನ್ನುತ್ತಾರೆ. ನಿಜವಾದ ನೋವನ್ನು ನೆಪವೆಂದರು. ಎರಡನೆಯದಕ್ಕೆ ವಿಚಾರಿಸದೆ ಕಾರಣ ಹೇಳಿದರು.

1898ರಲ್ಲಿ ಜರ್ಮನಿಯ ಶಸ್ತ್ರವೈದ್ಯ ಆಗಸ್ಟ್ ಬಿಯರ್ ತನ್ನ ಸಹಾಯಕನಿಂದ ಬೆನ್ನಿಗೆ ಇಂಥದೇ ಸೂಜಿ ಚುಚ್ಚಿಸಿಕೊಂಡನು. ಬೆನ್ನುಹುರಿಯ ಸುತ್ತಲಿನ ದ್ರವ ಸೋರಿತು. ಅನಂತರ ಅವನಿಗೆ ಬಂದುದೂ ಅಕ್ಕನ ತಲೆನೋವೇ: ಎದ್ದರೆ ಬರುವುದು, ಮಲಗಿದರೆ ಹೋಗುವುದು. ವೈದ್ಯನ ತಲೆಯಾದುದರಿಂದ ಅದನ್ನು ಯಾರೂ ನೆಪವೆನ್ನಲಿಲ್ಲ. ಅದು ವೈದ್ಯಶಾಸ್ತ್ರದ ಪುಟ ಸೇರಿತು. ದ್ರವದ ಸೋರಿಕೆಯೇ ಕಾರಣವೆಂದು ತಿಳಿದ ಮೇಲೆ ಸೂಜಿಗಳು ತೆಳುವಾದವು, ಅವುಗಳ ತುದಿಯ ಆಕಾರವೂ ಬದಲಾಯಿತು. ನೋವು ಇಳಿಯದಿದ್ದರೆ ರೋಗಿಯ ರಕ್ತವನ್ನೇ ಸ್ವಲ್ಪ ತೆಗೆದು ಬೆನ್ನಿನ ಆ ಜಾಗಕ್ಕೆ ಕೊಟ್ಟು ಸೋರಿಕೆ ನಿಲ್ಲಿಸುವ ಚಿಕಿತ್ಸೆ 1960ರಿಂದಲೂ ಉಂಟು.

ಬೆನ್ನುನೋವಿನ ಮಾತು ಬೇರೆ. ವರ್ಷಗಟ್ಟಲೆ ಕಾಡುವ ಬೆನ್ನುನೋವಿಗೆ ಈ ಸೂಜಿಯೇ ಕಾರಣವೆಂದು ಸಂಶೋಧನೆಗಳು ತೋರಿಸಿಲ್ಲ. ಸೂಜಿಯಿಲ್ಲದೆ ಹೆತ್ತವರಿಗೂ ಅದು ಬರುತ್ತದೆ. ನರಕ್ಕೆ ಪೆಟ್ಟಾಗುವುದು ಬಹು ಅಪರೂಪ. ಆದರೂ ಕಾಲು ಜೋಮು ಬಿಡದಿದ್ದರೆ, ಬಲ ಕುಂದಿದರೆ ಕೂಡಲೇ ವೈದ್ಯರಿಗೆ ತೋರಿಸಬೇಕು. ಸೂಜಿಯೊಂದನ್ನೇ ದೂರುತ್ತ ಕುಳಿತರೆ, ದಿನವಿಡೀ ಬಗ್ಗಿ ಹೊಲಿಯುವ ದುಡಿಮೆಯನ್ನು ಕೇಳುವವರು ಯಾರು?

ನೋವಿನ ಅಧ್ಯಯನಕ್ಕಾಗಿಯೇ ಇರುವ ಅಂತರರಾಷ್ಟ್ರೀಯ ಸಂಘವು 2020ರಲ್ಲಿ ತನ್ನ ವ್ಯಾಖ್ಯೆಯನ್ನು ತಿದ್ದಿದಾಗ, ನೋವಿದೆಯೆಂದು ಹೇಳುವವರ ಮಾತನ್ನು ಗೌರವಿಸಬೇಕೆಂದು ಸೇರಿಸಿತು. ಇದನ್ನೆಲ್ಲ ಓದಿ ಹೇಳಿದಾಗ ಅಕ್ಕ, "ಹಾಗಾದರೆ ನಾನು ನಾಟಕ ಆಡಲಿಲ್ಲ ಅಂತಾಯ್ತು" ಎಂದಳು.

ನನ್ನ ಬಿನ್ನಹ ಇಷ್ಟೇ. ಸೂಜಿಗೆ ಮೊದಲು ಒಪ್ಪಿಗೆಯ ರುಜು ಕೇಳುವವರು, ಮುಂದೇನಾಗಬಹುದೆಂಬುದನ್ನು ಒಂದು ಹಾಳೆಯಲ್ಲಿ ತಿಳಿಗನ್ನಡದಲ್ಲಿ ಬರೆದು ಕೊಡಲಿ. ಅದನ್ನು ಮನೆಯವರಿಗೆ ಓದಿ ತಿಳಿಸುವ ಹೊಣೆ, ಸಹಪಾಠಿ ಮಿತ್ರರೇ, ನಮ್ಮದಾಗಲಿ.